ಅಜ್ಜ ಭಾರ ಹಾಕಿ ನೋಡಿದ ಫಟಫಟಿ

ನನಗೆ ಮೋಟಾರ್ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೋಸ ಮಾಡಿದ ಅನ್ನಬಾರದು. ಸೈಕಲ್ಲೇ ನೆಟ್ಟಗೆ ಬರುತ್ತಿರಲಿಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಮನೆಯಿಂದ ಕಾಲೇಜು ಮುಟ್ಟುವಷ್ಟರಲ್ಲಿ ಒಂದು ಎಮ್ಮೆಗೋ ಒಬ್ಬ ಮೇಷ್ಟ್ರಿಗೋ ಗುದ್ದದೆ ಹೋದ ದಿನ ಕಡಿಮೆ. ಆದರೂ ಅರವತ್ತಾರನೇ ಇಸವಿಯ ಬೇಸಗೆ ಶುರುವಿನಲ್ಲಿ, ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದ ಕರಿಬಸವರಾಜನೆಂಬ ಈ ಮಹಾಶಯನಿಗೆ ಮೋಟಾರ್ ಸೈಕಲ್ ಸಿಗದಿದ್ದರೆ ಜೀವವೇ ಹೋಗುತ್ತದೆ ಅನ್ನಿಸಿತ್ತು.

ಹುಚ್ಚು ಹಿಡಿಸಿದ್ದು ಮಿಲ್ಲಿನ ರಸ್ತೆಯ ಮಸ್ತಾನಸಾಬರು. ಅವರದು ಗಾಡಿ ರಿಪೇರಿ ಅಂಗಡಿ. ಯಾವುದೋ ಮಿಲಿಟರಿ ಹರಾಜಿನಲ್ಲಿ ಹಿಡಿದು ತಂದ ಹಳೇ ಗಾಡಿಯೊಂದನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಬಾಗಿಲಲ್ಲಿ ನಿಲ್ಲಿಸಿದ್ದರು. ಮೈಯೆಲ್ಲ ಹಸಿರು ಬಣ್ಣ, ಎಡಕ್ಕೆ ತೊಟ್ಟಿಲಿನಂಥ ಸೈಡ್‌ಕಾರು. ಮೂರು ಚಕ್ರದ ಮೇಲೆ ನಿಂತ ಗಾಡಿ, ಬೀಳುವ ಮಾತೇ ಇಲ್ಲ. ನನ್ನಂಥವನ ಮೇಲೆ ಕರುಣೆ ಬಂದು ಶಿವನೇ ಮಾಡಿಸಿದಂತಿತ್ತು. ಕಾಲೇಜಿನಿಂದ ಬರುವಾಗ ದಿನಾ ಅಲ್ಲಿ ನಿಂತು ಅದರ ಹ್ಯಾಂಡಲ್ ಸವರುತ್ತಿದ್ದೆ. "ಗಿರಾಕಿ ಆದ್ರೆ ಕೈ ಇಡ್ರಿ, ಆಶಿಕ್ ಆದ್ರೆ ದೂರ ನಿಂದ್ರಿ" ಅನ್ನುತ್ತಿದ್ದರು ಮಸ್ತಾನಸಾಬರು.

ನಾನು ಅಜ್ಜನ ಬೆನ್ನು ಹತ್ತಿದೆ.

ಅಜ್ಜನ ಹೆಸರು ಅಜ್ಜಪ್ಪನೇ. ಅರಳೆ ಮಂಡಿ ಅಜ್ಜಪ್ಪ ಅಂದರೆ ಊರಿಗೆಲ್ಲ ಗೊತ್ತು. ನಮ್ಮಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡ. ಅವ್ವನೂ ಹೆಚ್ಚು ದಿನ ಉಳಿಯಲಿಲ್ಲ. ನನ್ನನ್ನು ಸಾಕಿದ್ದು ಅಜ್ಜ ಮತ್ತು ಅಜ್ಜಿ ಬಸವಣ್ಣೆಮ್ಮ. ಮಂಡಿಯಲ್ಲಿ ಬಿಳಿ ಬಟ್ಟೆ ಹಾಸಿದ ಗಾದಿಯ ಮೇಲೆ ಅಪ್ಪ ಕೂರುತ್ತಿದ್ದ ಜಾಗ ಅಜ್ಜನ ಬಲಗಡೆಗಿತ್ತು. ಅಲ್ಲಿ ಅಜ್ಜ ಬೇರೆ ಯಾರನ್ನೂ ಕೂಡಿಸುತ್ತಿರಲಿಲ್ಲ. ಎಂಥ ದೊಡ್ಡ ಸಾಹುಕಾರ ಬಂದರೂ ಎಡಗಡೆಗೇ ಕೂರಬೇಕು. ಬಲಗಡೆ ಜಾಗ ನನಗೆ ಅಂತ ಕಾದಿತ್ತು.

ನನಗೋ ಕಲ್ಲಿನ ಗೀಳು. ಭೂವಿಜ್ಞಾನ ಅಂತ ಒಂದು ವಿಷಯವನ್ನು ಯಾವ ಪುಣ್ಯಾತ್ಮ ಹುಟ್ಟಿಸಿದನೋ, ಮೊದಲ ಪಾಠದ ದಿನವೇ ನಾನು ಅದಕ್ಕೆ ಬಿದ್ದೆ. ಮನೆ ತುಂಬ ಕಲ್ಲು ತಂದು ಪೇರಿಸಿದೆ. ಅದರಲ್ಲಿ ಚಪ್ಪಟೆಯಾದವನ್ನು ಅಜ್ಜಿ ಅಡುಗೆಮನೆಗೆ ಒಯ್ದು ಬೆಳ್ಳುಳ್ಳಿ ಜಜ್ಜಿದಳು. "ಜನ ಹೊಲದಾಗಿನ ಕಲ್ಲು ಆರಿಸಿ ಹೊರಗೆ ಒಗೀತಾರೆ, ಇವ ಫೀಸು ಕಟ್ಟಿ ಮನೆಗೆ ತರ್ತಾನೆ" ಅಂತ ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದ. ನಮ್ಮ ಮಾಲತೇಶಪ್ಪ ಮೇಷ್ಟ್ರು ಮಾತ್ರ, ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಮಾಡು ಅಂತ ವರ್ಷದಿಂದ ನನ್ನ ಕಿವಿ ಕಚ್ಚುತ್ತಿದ್ದರು. ಹಗಲು ರಾತ್ರಿ ನಾನು ಕಂಡ ಕನಸೂ ಅದೇ.

ಒಂದು ಶುಕ್ರವಾರ ಊಟದ ಹೊತ್ತಿಗೆ ಅಜ್ಜ ಬಾಯಿ ಬಿಟ್ಟ. "ಫಟಫಟಿ ಕೊಡಸ್ತೀನಿ. ಆದ್ರೆ ಧಾರವಾಡ ಗೀರವಾಡ ಅನ್ನಬ್ಯಾಡ. ಪರೀಕ್ಷೆ ಮುಗಿದ ಮರುದಿನ ಬಂದು ನನ್ನ ಬಲಗಡೆ ಕೂಡ್ರಬೇಕು. ಆತೇನು?"

ಯೋಚನೆ ಮಾಡಬೇಕಿತ್ತಲ್ಲವೇ? ಒಂದು ತುತ್ತು ಅಗಿದು ನುಂಗುವಷ್ಟು ಹೊತ್ತಾದರೂ? ನಾನು ಎಂಜಲು ಕೈ ತೊಳೆಯದೆಯೇ "ಆತು" ಅಂದೆ. ಕಂಡ ಕನಸನ್ನು ಮಜ್ಜಿಗೆ ಅನ್ನದ ಮುಂದೆ ಮಾರಿಬಿಟ್ಟೆ.

ಕೈ ತೊಳೆಸಿ ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದ. ಮಂಡಿಯಲ್ಲೂ ದನದ ಸಂತೆಯಲ್ಲೂ ವ್ಯಾಪಾರ ಕುದುರುವುದು ಟವೆಲ್ಲಿನ ಕೆಳಗೆ, ಕೈಯಲ್ಲಿ ಕೈ ಹಿಡಿದು. ಹಾಗೆ ಹಿಡಿದ ಕೈಗೆ ಬಾಂಡ್ ಪೇಪರು ಬೇಡ, ಸಾಕ್ಷಿ ಬೇಡ. ಮಾತು ತಪ್ಪಿದವನನ್ನು ಊರಲ್ಲಿ ಯಾರೂ ಮಾತಾಡಿಸುವುದಿಲ್ಲ, ಅಪ್ಪ ಮಗನಾದರೂ ಅಷ್ಟೇ. ಟವೆಲ್ಲಿನ ಕೆಳಗೆ ಅಜ್ಜ ನನ್ನ ಕೈ ಹಿಡಿದ. ಒರಟು ಕೈ, ಬಿಗಿಯಾಗಿ ಹಿಡಿದಿತ್ತು.

"ಎತ್ತು ತಗಂಡಂಗೇ ತಗಳಾದು ಮತ್ತೆ" ಅಂದ ಅಜ್ಜ. "ಭಾರ ಹಾಕಿ ನೋಡ್ತೀನಿ. ಭಾರಕ್ಕೆ ಕೂತ್ಕಂತು ಅಂದ್ರೆ ವ್ಯಾಪಾರ ಮುರೀತು, ಯಾರ ಮಾತೂ ಹೋಗಲ್ಲ."

ಇದೂ ಸಂತೆಯ ಪದ್ಧತಿಯೇ. ಕೊಳ್ಳುವ ಎತ್ತನ್ನು ತುಂಬಿದ ಬಂಡಿಗೆ ಹೂಡಿ ನೋಡುತ್ತಾರೆ. ಎತ್ತು ಮಂಡಿಯೂರಿ ಕೂತರೆ ಟವೆಲ್ಲಿನ ಕೆಳಗಿನ ಮಾತು ತಾನಾಗಿ ಬಿಟ್ಟುಹೋಗುತ್ತದೆ. ನಾನು ನಕ್ಕೆ. ಪೆಟ್ರೋಲ್ ಕುಡಿಯುವ ಗಾಡಿ ಎಲ್ಲಿ ಕೂರುತ್ತದೆ, ಮುದುಕನಿಗೆ ಏನು ತಿಳಿಯುತ್ತೆ ಅಂದುಕೊಂಡೆ.

ಶನಿವಾರ ಇಬ್ಬರೂ ಮಸ್ತಾನಸಾಬರ ಅಂಗಡಿಗೆ ಹೋದೆವು. ಅಜ್ಜ ಗಾಡಿಯ ಸುತ್ತ ಮೂರು ಸಲ ಬಂದ. ಹಿಂದಿನ ಚಕ್ರ ಒದ್ದು ನೋಡಿದ. ಬಗ್ಗಿ ದೀಪದೊಳಗೆ ಇಣುಕಿದ, ಹಲ್ಲು ಎಣಿಸಲಿಕ್ಕೆ ಇರಬೇಕು. ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ತಗ್ಗು ಬಿದ್ದಿತ್ತು, ಅದರ ಮೇಲೆ ಬೆರಳಿಟ್ಟು, "ಸಾಬ್ರೇ, ಹೊಟ್ಟೆ ಮ್ಯಾಲೆ ಸುಳಿ ಐತಲ್ರಿ. ಮನೆಗೆ ಆಗಿ ಬರಲ್ಲ ಇದು" ಅಂದ.

"ಸುಳಿ ಅಲ್ರೀ ಯಜಮಾನ್ರೇ, ಲಡಾಯಿಗೆ ಹೋಗಿ ಬಂದ ಗುರುತು. ಸಿಪಾಯಿ ಇದು" ಅಂದರು ಮಸ್ತಾನಸಾಬರು.

"ಏನು ತಿಂತೈತೆ?"

"ಪೆಟ್ರೋಲು, ಸ್ವಲ್ಪ ಎಣ್ಣೆ."

"ಕೆಲಸ ಇಲ್ದ ದಿನ?"

"ಕೆಲಸ ಇಲ್ದ ದಿನ ಏನೂ ತಿನ್ನಲ್ರಿ. ಸುಮ್ನೆ ನಿಂತಿರ್ತದೆ."

ಅಜ್ಜ ತಲೆದೂಗಿದ. "ಇದೊಂದು ಗುಣ ನನ್ನ ಮೊಮ್ಮಗನಿಗೂ ಇಲ್ಲ ನೋಡ್ರಿ" ಅಂದ. ಅಂಗಡಿಯವರೆಲ್ಲ ನಕ್ಕರು, ನಾನೂ ಹಲ್ಲು ಕಿರಿದೆ. ಫಟಫಟಿ ಸಿಗುವುದಾದರೆ ಮರ್ಯಾದೆ ಯಾವ ಲೆಕ್ಕ?

ಭಾನುವಾರ ಭಾರ ಹಾಕಿ ನೋಡಿ ಸೋಮವಾರ ಹೇಳುವುದು ಅಂತಾಯಿತು. ಸಾಬರು ಒಪ್ಪಿದರು, ಇನ್ನೊಬ್ಬ ಗಿರಾಕಿಯೂ ಕಾಯುತ್ತಿದ್ದನಂತೆ. ಸಂಜೆ ಮಿಲ್ಲಿನ ಹಿಂದಿನ ಬಯಲಿನಲ್ಲಿ ನನಗೆ ಗಾಡಿ ಹೊಡೆಯಲು ಕಲಿಸಿದರು. ಮೊದಲ ಕಿಕ್ಕಿಗೇ ಗಾಡಿ ತಿರುಗಿಸಿ ನನ್ನ ಮೊಣಕಾಲಿನ ಕೆಳಗೆ ಒದೆಯಿತು. ಕಣ್ಣಲ್ಲಿ ನೀರು ಬಂತು. "ಹೊಸ ಯಜಮಾನನ ಪರಿಚಯ ಮಾಡ್ಕೊಳ್ತೈತೆ" ಅಂದರು ಸಾಬರು. ಸೈಡ್‌ಕಾರಿನ ಗಾಡಿಗೆ ಇನ್ನೊಂದು ಚಾಳಿ ಇರುತ್ತದೆ, ಜೋರು ಮಾಡಿದರೆ ಎಡಕ್ಕೆ ಎಳೆಯುತ್ತದೆ. ಅದನ್ನು ಬಲಕ್ಕೆ ಒತ್ತಿ ಹಿಡಿಯಬೇಕು. ನಾನು ಒತ್ತಿ ಹಿಡಿಯುವುದು ಬಿಟ್ಟು ಕಣ್ಣು ಮುಚ್ಚಿ ಹಿಡಿದೆ. ಹೇಗೋ ಕತ್ತಲಾಗುವಷ್ಟರಲ್ಲಿ ನೆಟ್ಟಗೆ ಹೋಗುವುದು ಬಂತು. ನಿಲ್ಲಿಸುವುದು ನಾಳೆ ತಾನೇ ಬರುತ್ತೆ ಅಂದುಕೊಂಡೆ.

ಮರುದಿನ ಹರಿಹರದ ಹೊಳೆಯಲ್ಲಿ ನಮ್ಮ ತರಗತಿಯ ಕಲ್ಲು ನೋಡುವ ಪ್ರವಾಸವಿತ್ತು. ಉಳಿದ ಹುಡುಗರೆಲ್ಲ ಮಾಲತೇಶಪ್ಪ ಮೇಷ್ಟ್ರ ಜೊತೆ ರೈಲಿಗೆ ಹೋದರು. ನಾನು ಫಟಫಟಿಯಲ್ಲಿ ಬರುತ್ತೇನೆ ಅಂತ ಶನಿವಾರವೇ ಊರೆಲ್ಲ ಸಾರಿದ್ದೆ. ಸಾರಿದ್ದರಲ್ಲಿ ಒಂದು ವಿಷಯ ಬಿಟ್ಟುಹೋಗಿತ್ತು. ಬೆಳಿಗ್ಗೆ ಗಾಡಿ ಶುರು ಮಾಡಿ ತಿರುಗಿ ನೋಡಿದರೆ ಅಜ್ಜ ರುಮಾಲು ಸುತ್ತಿ, ಕೊಡೆ ಹಿಡಿದು, ಸೈಡ್‌ಕಾರಿನಲ್ಲಿ ಕೂತಿದ್ದಾನೆ. ತೊಡೆಯ ಮೇಲೆ ಅಜ್ಜಿ ಕಟ್ಟಿದ ರೊಟ್ಟಿ ಬುತ್ತಿ.

"ಅಜ್ಜಾ, ಅಲ್ಲಿ ಬರೀ ಹುಡುಗರಿರ್ತಾರೆ!"

"ಇರ್ಲಿ ಬಿಡು. ಎತ್ತು ತಗಳೋನು ನಾನು. ಭಾರ ಹಾಕಿ ನೋಡಾಕೆ ನಾನು ಬರಬ್ಯಾಡೇನು? ಹರಿಹರದ ಹೊಳೇಲಿ ಭಾರಕ್ಕೇನು ಬರ, ಎಲ್ಲಾ ನಿನ್ನ ಕಲ್ಲೇ ಐತೆ."

ಪೂನಾ ರಸ್ತೆಯಲ್ಲಿ ಹೊರಟೆವು. ಬಿಸಿಲಿಗೆ ಅಂತ ಅಜ್ಜ ಕೊಡೆ ಬಿಚ್ಚಿದ. ಗಾಳಿಗೆ ಅದು ತಿರುವುಮುರುವಾಗಿ ಕಮಲದ ಹೂವಿನ ಹಾಗೆ ಅರಳಿತು. ಅಜ್ಜ ಬಿಡಲಿಲ್ಲ, ಹಾಗೇ ಹಿಡಿದು ಕೂತ. ಎದುರಿಗೆ ಲಾರಿ ಬಂತು, ನಾನು ಗಾಬರಿಯಿಂದ ಜೋರು ಮಾಡಿದೆ, ಗಾಡಿ ಎಡಕ್ಕೆ ಎಳೆದುಕೊಂಡು ಹೋಗಿ ರಸ್ತೆ ಪಕ್ಕದ ಜೋಳದ ಸೊಪ್ಪೆಯ ಬಣವೆಗೆ ಹೊಕ್ಕಿತು. ಅಜ್ಜ ರುಮಾಲಿನ ಮೇಲಿನ ಸೊಪ್ಪೆ ಕೊಡವಿಕೊಂಡು ಸಮಾಧಾನವಾಗಿ ಹೇಳಿದ, "ಮೇವು ಕಂಡ ಕಡೆ ಹೋಗೋದು ಸಹಜ ಬಿಡು. ಹಿಂದಕ್ಕೆ ಎಳಿ."

ಹರಿಹರ ಮುಟ್ಟುವಷ್ಟರಲ್ಲಿ ಹುಡುಗರು ಆಗಲೇ ಸೇತುವೆಯಿಂದ ಸ್ವಲ್ಪ ಆಚೆ ಹೊಳೆಗೆ ಇಳಿದಿದ್ದರು. ಬೇಸಗೆಯ ತುಂಗಭದ್ರೆ ಒಂದು ಪಕ್ಕಕ್ಕೆ ಸಣ್ಣಗೆ ಹರಿಯುತ್ತಿತ್ತು. ಉಳಿದದ್ದೆಲ್ಲ ಬಂಡೆ, ಮರಳು. ನನ್ನ ರಾಜಗಾಂಭೀರ್ಯದ ಆಗಮನಕ್ಕೆ ಅಂತ ತಲೆ ಬಾಚಿಕೊಂಡು ಹೋಗಿದ್ದೆ. ತಲೆ ತುಂಬ ಜೋಳದ ರವದಿ, ಪಕ್ಕದಲ್ಲಿ ಮುರಿದ ಕೊಡೆ ಹಿಡಿದ ಅಜ್ಜ. ಹುಡುಗರು ಸಿಳ್ಳೆ ಹಾಕಿದರು. ಮಾಲತೇಶಪ್ಪ ಮೇಷ್ಟ್ರು ಮಾತ್ರ ಹ್ಯಾಟ್ ತೆಗೆದು, "ಬರ್ರಿ ಯಜಮಾನ್ರೇ, ನೆರಳಿಗೆ ಕೂಡ್ರಿ" ಅಂತ ಅಜ್ಜನಿಗೆ ಕೈ ಮುಗಿದರು.

ಮೇಷ್ಟ್ರು ನಮ್ಮನ್ನು ಒಂದು ಬಂಡೆಯ ಮುಂದೆ ನಿಲ್ಲಿಸಿದರು. ಬೂದು ಬಣ್ಣದ, ಪಟ್ಟೆ ಪಟ್ಟೆಯ ಬಂಡೆ. ಅದರೊಳಗೆ ಬಿಳಿ ಬೆಣಚುಕಲ್ಲಿನ ಎಳೆಗಳು. ಅವೆಲ್ಲವನ್ನೂ ಅಡ್ಡಕ್ಕೆ ಸೀಳಿಕೊಂಡು ಹೋದ ಒಂದು ಕಪ್ಪು ಕಲ್ಲಿನ ಪಟ್ಟಿ. "ಯಾವುದು ಮೊದಲು ಹುಟ್ಟಿದ್ದು, ಯಾವುದು ಆಮೇಲೆ? ಹೇಳ್ರಪ್ಪಾ" ಅಂದರು. ಕತ್ತರಿಸಿದ್ದು ಕತ್ತರಿಸಿಕೊಂಡದ್ದಕ್ಕಿಂತ ವಯಸ್ಸಿನಲ್ಲಿ ಚಿಕ್ಕದು, ಅಷ್ಟೇ ಸೂತ್ರ. ಮೊದಲು ಬೂದು, ಆಮೇಲೆ ಬಿಳಿ, ಕಡೆಗೆ ಕಪ್ಪು ಅಂತ ಎಲ್ಲರೂ ಬರೆದುಕೊಂಡರು.

ನಾನು ಬರೆದುಕೊಳ್ಳಲಿಲ್ಲ. ಕಪ್ಪು ಪಟ್ಟಿಯ ಬುಡದಲ್ಲಿ ನನಗೆ ಏನೋ ಕಂಡಿತ್ತು. ಮೊಣಕಾಲೂರಿ ಮರಳು ಬಗೆದೆ, ನೀರು ತಂದು ಸುರಿದು ಉಜ್ಜಿದೆ. ಕೂದಲಿನಷ್ಟು ಸಣ್ಣ ಬಿಳಿ ಎಳೆಯೊಂದು ಕಪ್ಪನ್ನೂ ಸೀಳಿಕೊಂಡು ಹೋಗಿತ್ತು. "ಸರ್, ಕಪ್ಪು ಕಡೆಯದಲ್ಲ ಸರ್! ಕಪ್ಪಾದ ಮೇಲೆ ಇನ್ನೊಂದು ಸಲ ಬಿಳಿ ಬಂದಿದೆ, ನೋಡಿ ಇಲ್ಲಿ!" ಅಂತ ಕೂಗಿದೆ. ಎಲ್ಲರೂ ಬಗ್ಗಿದರು. ಅಜ್ಜನೂ ಬಂದು ಬಗ್ಗಿದ. ಅಜ್ಜನ ಬೆರಳು ಹಿಡಿದು ಆ ಎಳೆಯ ಮೇಲೆ ಆಡಿಸಿದೆ. ಇದು ನೆಲ ಅಜ್ಜಾ, ಇದು ಬಿರುಕು, ಬಿರುಕಿನೊಳಗೆ ಕೆಳಗಿಂದ ಕುದಿಯುತ್ತಾ ಏರಿದ್ದು ಇದು, ಅದು ಆರಿ, ಗಟ್ಟಿಯಾಗಿ, ಮತ್ತೆ ಬಿರಿದು... ಅಂತ ಏನೇನು ಹೇಳಿದೆನೋ. ಗಾಡಿಯ ನೆನಪೇ ಹೋಗಿತ್ತು. ಪ್ಯಾಂಟಿನ ಮೊಣಕಾಲು ಹರಿದದ್ದು ಕೂಡ ಆಮೇಲೆ ಗೊತ್ತಾಯಿತು. ಅಜ್ಜ ಕಲ್ಲು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ.

"ಇಷ್ಟು ವರ್ಷ ಹುಡುಗರನ್ನ ಕರಕೊಂಡು ಬಂದಿದೀನಿ, ನನ್ನ ಕಣ್ಣಿಗೂ ಬಿದ್ದಿರಲಿಲ್ಲ ಇದು" ಅಂದರು ಮೇಷ್ಟ್ರು. ನನ್ನ ಹೆಗಲ ಮೇಲೆ ಕೈ ಇಟ್ಟು, "ಧಾರವಾಡಕ್ಕೆ ಅರ್ಜಿ ಹಾಕಿದೆಯೇನೋ?" ಅಂತ ಕೇಳಿದರು.

"ಇಲ್ಲ ಸರ್. ಮಂಡೀಲಿ ಕೂತ್ಕೊಳ್ತೀನಿ" ಅಂದೆ. ಅಷ್ಟಕ್ಕೆ ಸುಮ್ಮನಿದ್ದೆನೇ? ಗಾಡಿಯ ಕಡೆ ಕೈ ತೋರಿಸಿ, "ಅದಕ್ಕೇ ಇದನ್ನ ಕೊಡಿಸ್ತಿದಾರೆ ಸರ್, ಹೆಂಗಿದೆ?" ಅಂತ ಬೇರೆ ಕೇಳಿದೆ.

ಮೇಷ್ಟ್ರು ಹೆಗಲ ಮೇಲಿನ ಕೈ ತೆಗೆದರು. ಕನ್ನಡಕ ಒರೆಸಿಕೊಂಡು, "ಚೆನ್ನಾಗಿದೆ" ಅಂದರು. ಅಜ್ಜ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಎಲ್ಲರೂ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅಜ್ಜ ಒಂದೇ ರೊಟ್ಟಿ ತಿಂದ.

ಊಟವಾದ ಮೇಲೆ ಅಜ್ಜ ಎದ್ದು ಟವೆಲ್ ಕೊಡವಿದ. "ಬರ್ರೋ ತಮ್ಮಗಳಿರಾ. ಭಾರ ಹಾಕ್ರಿ."

ಹುಡುಗರಿಗೆ ಹಬ್ಬ. ಎಲ್ಲರೂ ಆರಿಸಿದ್ದ ಕಲ್ಲಿನ ಚೀಲಗಳು ಸೈಡ್‌ಕಾರಿಗೆ ಬಿದ್ದವು. ನಾನು ಕಿಕ್ ಹೊಡೆದೆ, ಗಾಡಿ ಗುಡುಗುಡು ಅಂತ ಬಂಡೆಯ ಮೇಲಿಂದ ದಂಡೆಯ ತನಕ ಏರಿ ಇಳಿದು ಬಂತು. ನನ್ನ ಎದೆ ಉಬ್ಬಿತು. "ನೋಡಿದೇನಜ್ಜಾ?"

"ಸಾಲದು" ಅಂದ ಅಜ್ಜ. ಇನ್ನೂ ನಾಲ್ಕು ದಪ್ಪ ಕಲ್ಲು ಹಾಕಿಸಿದ. ಗಾಡಿ ಕೆಮ್ಮಿತು, ಹೊಗೆ ಬಿಟ್ಟಿತು, ಆದರೂ ಏರಿತು. ಹುಡುಗರು ಚಪ್ಪಾಳೆ ತಟ್ಟಿದರು. ಅಜ್ಜನ ಮುಖ ಯಾಕೋ ಸಪ್ಪಗಾಯಿತು. ಅತ್ತಿತ್ತ ನೋಡಿ, ಬಂಡೆಯಿಂದ ಯಾವಾಗಲೋ ಕಳಚಿ ಬಿದ್ದಿದ್ದ ಒಂದು ಗುಂಡುಕಲ್ಲನ್ನು ತೋರಿಸಿದ. ಬೂದು, ಬಿಳಿ, ಕಪ್ಪು ಮೂರೂ ಇದ್ದ ಗುಂಡು. ಇಬ್ಬರು ಹೊತ್ತು ತಂದು ಹಾಕಿದರು. ಅಜ್ಜ ಅದರ ಮೇಲೆ ತಾನೂ ಹತ್ತಿ ಕೂತ. ಕೂತು, "ಬಂಡೆ ಮ್ಯಾಲೆ ಆತು. ಈಗ ಈ ಕಡೆ ಹೊಡಿ" ಅಂತ ಮುರಿದ ಕೊಡೆಯಲ್ಲಿ ಹೊಳೆಯ ನಡುವಿನ ಮರಳು ತೋರಿಸಿದ.

"ಅಜ್ಜಾ, ಅದು ಮರಳು! ಅಲ್ಲಿ ಆನೆ ಬಂದ್ರೂ ಹೂತುಕೊಳ್ತದೆ!"

"ಎತ್ತಿನ ಜೋರು ಗೊತ್ತಾಗಾದೇ ಮರಳಿನಾಗೆ. ಹೊಡಿ."

ಹೊಡೆದೆ. ನಾಲ್ಕು ಮಾರು ಹೋದದ್ದೇ ತಡ, ಹಿಂದಿನ ಚಕ್ರ ಗರಗರ ಅಂತ ಮರಳು ತೋಡಿ ಒಳಗಿಳಿಯಿತು. ಜೋರು ಮಾಡಿದಷ್ಟೂ ಇಳಿಯಿತು. ಕಡೆಗೊಮ್ಮೆ ಉಸಿರುಬಿಟ್ಟು, ಸೈಡ್‌ಕಾರಿನ ಹೊಟ್ಟೆ ನೆಲಕ್ಕೆ ಹಚ್ಚಿ, ಗಾಡಿ ಕೂತಿತು.

"ಕೂತ್ಕಂತು!" ಅಜ್ಜ ಎದ್ದು ನಿಂತು ಕೂಗಿದ. ಎಂಥ ಖುಷಿ ಅಂತೀರಿ, ಹರಾಜು ಗೆದ್ದವನ ಖುಷಿ. "ಎಲ್ಲಾರೂ ನೋಡಿದ್ರೇನ್ರೋ? ಮೇಷ್ಟ್ರೇ, ನೀವೂ ನೋಡಿದ್ರಲ್ಲ? ಎತ್ತು ಕೂತ್ಕಂತು. ವ್ಯಾಪಾರ ಮುರೀತು!"

ನಾನು ಅಂಗಲಾಚಿದೆ. ಇದು ಅನ್ಯಾಯ ಅಂದೆ, ಮೋಸ ಅಂದೆ. ಅಜ್ಜ "ಕೂತಿದ್ದು ಕೂತಿದ್ದೇ" ಅಂದ. ಹುಡುಗರೆಲ್ಲರ ಎದುರು, ಮೀಸೆ ಬಂದ ನಾನು, ಮರಳಿನಲ್ಲಿ ಕೂತು ಹೋ ಅಂತ ಅತ್ತೆ. ಮೇಷ್ಟ್ರು ಅಜ್ಜನನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಹತ್ತಿರ ಬಂದು, ಯಾಕೋ ಏನೋ, ಬಗ್ಗಿ ಅಜ್ಜನ ಕಾಲು ಮುಟ್ಟಿದರು. ಮುದುಕನಿಗೆ ಇದೊಂದು ಮರ್ಯಾದೆ ಬೇರೆ ಕೇಡು ಅಂದುಕೊಂಡೆ. ಅಂಥ ಬುದ್ಧಿವಂತ ನಾನು.

ಭಾರ ಇಳಿಸಿ, ಮರಳು ತೋಡಿ, ಎಲ್ಲರೂ ನೂಕಿ ಗಾಡಿ ಎಬ್ಬಿಸಿದರು. ಹುಡುಗರ ಚೀಲಗಳು ರೈಲಿಗೆ ಹೋದವು. ಆದರೆ ಆ ಗುಂಡನ್ನು ಮಾತ್ರ ಅಜ್ಜ ಬಿಡಲಿಲ್ಲ, ಕಾಲ ಸಂದಿಯಲ್ಲಿ ಇಟ್ಟುಕೊಂಡು ದಾವಣಗೆರೆಯ ತನಕ ಬಂದ. ವಾಪಸ್ ಬರುವಾಗ ಗಾಡಿ ಒಂದು ಸಲವೂ ಎಡಕ್ಕೆ ಎಳೆಯದೆ ನೆಟ್ಟಗೆ ಬಂತು, ಹೊಟ್ಟೆ ಉರಿಸಲಿಕ್ಕೆ. ಮಸ್ತಾನಸಾಬರು ಗಾಡಿ ಒಳಗೆ ತಗೊಂಡು, ಚಕ್ರಕ್ಕೆ ಮೆತ್ತಿದ ಮರಳು ಬೆರಳಲ್ಲಿ ಉದುರಿಸಿ ನೋಡಿದರು. "ಯಜಮಾನ್ರು ಖೋಟಾ ಎತ್ತು ಭಾಳ ವಾಪಸ್ ಮಾಡಿದಾರೆ. ಖರೇ ಎತ್ತು ವಾಪಸ್ ಮಾಡಿದ್ದು ಇದೇ ಮೊದ್ಲು" ಅಂದು ನಕ್ಕರು. ಅಜ್ಜ ನಗಲಿಲ್ಲ.

ಸೋಮವಾರ ನಾನು ಕಾಲೇಜಿಗೆ ಹೋಗಲಿಲ್ಲ. ಮುಸುಕು ಹಾಕಿ ಮಲಗಿದ್ದೆ. ಅಜ್ಜಿ ಬಂದು ಮುಸುಕು ಎಳೆದಳು.

"ಏಳಲೇ, ಯಾವಾಗ ಹೊರಡ್ತಿ?"

"ಎಲ್ಲಿಗೆ? ಮಂಡಿಗಾ? ಫಟಫಟಿ ಇಲ್ಲ, ಬರೀ ಮಂಡಿ!"

ಅಜ್ಜಿ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ನನ್ನ ಮಂಕೇ! ವ್ಯಾಪಾರ ಮುರಿದ್ರೆ ಒಂದೇ ಕಡೆ ಮುರೀತೈತೇನಲೇ? ಫಟಫಟಿ ಹೋದ್ರೆ ನಿನ್ನ ಮಾತೂ ಹೋತಲ್ಲೋ. ಮಂಡೀಲಿ ಕೂಡ್ರು, ಧಾರವಾಡ ಬ್ಯಾಡ ಅಂತ ಇನ್ನು ಯಾರು ಅನ್ನಂಗೈತೆ? ಹಿಡಿದ ಕೈ ತಾನಾಗಿ ಬಿಡಾಕೆ ಬರಲ್ಲ ಅಂತ ಆ ಮುದುಕ ಎತ್ತನ್ನ ಕೂಡಿಸಿ ಬಂದಾನೆ. ರಾತ್ರಿ ಉಂಡಿಲ್ಲ. ನಿಮ್ಮಪ್ಪ ಹೋದಾಗ ಹಿಂಗೇ ಇದ್ದ." ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಾಸಿಗೆಯ ಮೇಲೆ ಎದ್ದು ಕೂತೆ. ಕಲ್ಲಿನಲ್ಲಿ ಯಾವುದಾದ ಮೇಲೆ ಯಾವುದಾಯಿತು ಅಂತ ಕೂದಲು ಸೀಳಿ ಹೇಳಿದವನು ನಾನು. ಎದುರಿಗೆ ಕೊಡೆ ಹಿಡಿದು ಕೂತ ಮನುಷ್ಯನ ಮುಖದಲ್ಲಿ ಏನಾಯಿತು ಅಂತ ನೋಡಲು ನನಗೆ ಕಣ್ಣಿರಲಿಲ್ಲ. ಚಪ್ಪಲಿ ಮೆಟ್ಟದೆ ಓಡಿದೆ.

ಮಂಡಿಯಲ್ಲಿ ಇನ್ನೂ ಜನ ಬಂದಿರಲಿಲ್ಲ. ಗಾದಿಗೆ ಹೊಸದಾಗಿ ಬಿಳಿ ಬಟ್ಟೆ ಹಾಸಿತ್ತು. ಅಜ್ಜ ಎಂದಿನ ಜಾಗದಲ್ಲಿ ಕೂತಿದ್ದ. ಅವನ ಬಲಗಡೆ, ಅಪ್ಪ ಕೂರುತ್ತಿದ್ದಲ್ಲಿ, ಹರಿಹರದ ಗುಂಡು. ತೊಳೆದು, ಮೂರು ಬೆರಳು ವಿಭೂತಿ ಎಳೆದಿದ್ದ.

ನಾನು ಬಾಗಿಲಲ್ಲೇ ನಿಂತೆ. ಅಜ್ಜ ನನ್ನ ಬರಿಗಾಲು ನೋಡಿದ.

"ನೀನಂತೂ ಕೂಡ್ರಲ್ಲ. ನಿನ್ನ ಕಲ್ಲಾದ್ರೂ ಕೂಡ್ರಲಿ" ಅಂದ. ಗುಂಡಿನ ಮೇಲೆ ಕೈ ಇಟ್ಟು, "ಬಾ ಇಲ್ಲಿ. ಇದರಾಗೆ ಮೊದಲ್ನೇದು ಯಾವುದು, ಕಡೇದು ಯಾವುದು, ಇನ್ನೊಮ್ಮೆ ಹೇಳು. ಬಂದೋರು ಕೇಳಿದ್ರೆ ನಾನು ಏನು ಹೇಳ್ಲಿ?"

ಹೋಗಿ ಅವನ ಎದುರಿಗೆ ಕೂತು ಬೂದು ಬಣ್ಣದ ಮೇಲೆ ಬೆರಳಿಟ್ಟೆ. ಕಣ್ಣೀರು ಕಲ್ಲಿನ ಮೇಲೆ ತೊಟ್ಟಿಕ್ಕಿತು. ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಗೆ ಹಾಕಿದ.

"ಮಾರಿ ಒರೆಸ್ಕ" ಅಂದ. "ಅಳಾದಾದ್ರೆ ಒಳಗೆ ಹೋಗಿ ಅಳು. ಗಿರಾಕಿ ಬರೋ ಹೊತ್ತು."